‘ಆಲ್ ದ ಯಂಗ್ ಡ್ಯೂಡ್ಸ್’ ಹಾಡು 50 ವರ್ಷ ಕಳೆದರೂ ಯಾಕೆ ಹಳತಾಗಿಲ್ಲ?

‘ಯುವಕರ ಬಂಡಾಯದ ಹಾಡು ಅಂತಾರೆ, ನನಗೆ ಮಾತ್ರ ಕೇಳಿದಾಗಲೆಲ್ಲ ಯಾಕೋ ಸಂಕಟ ಆಗುತ್ತೆ’ ಅಂತಲೂ ಪ್ರಶ್ನೆಯ ಕೆಳಗೆ ಬರೆದಿದ್ದೀರಿ. ನಿಮ್ಮ ಕಿವಿ ಸರಿಯಾಗೇ ಇದೆ. ಆ ಸಂಕಟದಿಂದಲೇ ಹಾಡು ಉಳಿದಿರೋದು ಅಂತ ನನಗನ್ನಿಸುತ್ತೆ.

ಹಾಡು ಹುಟ್ಟಿದ್ದೇ ಸೋತವರ ಮನೆಯಲ್ಲಿ. ಮಾಟ್ ದ ಹೂಪಲ್ ಅಂತ ಇಂಗ್ಲೆಂಡಿನ ರಾಕ್ ತಂಡ. ಸ್ಟೇಜ್ ಮೇಲೆ ಒಳ್ಳೆ ಹೆಸರು, ಆದರೆ ರೆಕಾರ್ಡ್ ಖರ್ಚಾಗುತ್ತಿರಲಿಲ್ಲ. 1972ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಹಳೇ ಗ್ಯಾಸ್ ಟ್ಯಾಂಕ್ ಒಳಗೆ ಕಾರ್ಯಕ್ರಮ ಕೊಡೋ ಗತಿ ಬಂದಾಗ, ಸಾಕಪ್ಪ ಈ ಸಹವಾಸ ಅಂತ ತಂಡ ಮುಚ್ಚೋಕೆ ಹೊರಟರು. ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿ ಇವರ ಅಭಿಮಾನಿ. ಬಿಟ್ಟುಬಿಡಬೇಡಿ ಅಂತ ಮೊದಲು ‘ಸಫ್ರಜೆಟ್ ಸಿಟಿ’ ಅನ್ನೋ ತನ್ನ ಹಾಡು ಕೊಟ್ಟರೆ ಇವರು ಬೇಡ ಅಂದರು! ಮುಳುಗೋ ದೋಣಿಯಲ್ಲಿ ಕೂತವರ ಠೇಂಕಾರ ನೋಡಿ. ಆಮೇಲೆ ಬೋವಿ ಬರೆದುಕೊಟ್ಟಿದ್ದು ಈ ಹಾಡು. ಮೇ ತಿಂಗಳಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್, ಜುಲೈ ಕೊನೆಗೆ ಬಿಡುಗಡೆ, ಬ್ರಿಟನ್ನಿನ ಪಟ್ಟಿಯಲ್ಲಿ 3ನೇ ಸ್ಥಾನ.

ಈಗ ವಯಸ್ಸಿನ ಲೆಕ್ಕ ಹಾಕಿ. ಹಾಡಿನೊಳಗೆ ಒಬ್ಬ ಹುಡುಗ, 25 ಆದಮೇಲೆ ಬದುಕೇ ಬೇಡ ಅಂತ ರಾತ್ರಿಯಿಡೀ ವಟಗುಟ್ಟುತ್ತಾನೆ. ಅದನ್ನು ಬರೆದಾಗ ಬೋವಿಗೆ 25 ಆಗಿತ್ತು. ಹಾಡಿದ ತಂಡದ ಗಾಯಕ ಇಯಾನ್ ಹಂಟರ್‌ಗೆ 33 ಹತ್ತಿರ. ಹದಿಹರೆಯದವರ ಹಾಡನ್ನು ಗಂಟಲು ಸವೆದ ದೊಡ್ಡವನೊಬ್ಬ ಹಾಡುತ್ತಿದ್ದಾನೆ. ಹದಿನೆಂಟರ ಹುಡುಗನ ಕೈಲಿ ಹಾಡಿಸಿದ್ದರೆ ಅದು ಬರೀ ಜಂಬವಾಗುತ್ತಿತ್ತು.

ನನಗೆ ತುಂಬ ಇಷ್ಟವಾಗೋದು ಅಣ್ಣನ ಸಾಲು. ಬಂಡಾಯದ ಹಾಡು ಅಂದರೆ ಅಪ್ಪನ ಮೇಲೋ ಮೇಷ್ಟರ ಮೇಲೋ ಸಿಟ್ಟಿರಬೇಕು ತಾನೇ? ಇಲ್ಲಿ ಅಪ್ಪನ ಸುದ್ದಿಯೇ ಇಲ್ಲ. ಅಣ್ಣ ಮನೆಯಲ್ಲಿ ಬೀಟಲ್ಸ್, ಸ್ಟೋನ್ಸ್ ಕೇಳ್ತಾ ಕೂತಿದ್ದಾನೆ. ಆ ಕ್ರಾಂತಿ ಗಿಂತಿ ನಮಗೆ ಹಿಡಿಸಲೇ ಇಲ್ಲ ಅಂತಾನೆ ತಮ್ಮ. ಅರವತ್ತರ ದಶಕದಲ್ಲಿ ಜಗತ್ತನ್ನೇ ಬದಲಾಯಿಸ್ತೀವಿ ಅಂದವರ ಬೆನ್ನ ಹಿಂದೆ ಹುಟ್ಟಿದವರ ಕಷ್ಟ ಅದು. ಬಂಡಾಯವನ್ನೂ ಅಣ್ಣನೇ ಬಳಸಿ ಮುಗಿಸಿದ್ದಾನೆ. ತಮ್ಮನಿಗೆ ಉಳಿದಿದ್ದು ಬಟ್ಟೆ, ಬಣ್ಣ, ಟಿ. ರೆಕ್ಸ್ ತಂಡ. ಅಣ್ಣನ ಅಂಗಿ ಹಾಕ್ಕೊಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಇವರು ಮಾಡೋ ಬಂಡಾಯವೂ ಚಿಲ್ಲರೆ. ಒಬ್ಬಳು ಮಾರ್ಕ್ಸ್ ಆಂಡ್ ಸ್ಪೆನ್ಸರ್ ಅಂಗಡಿಯಿಂದ ಬಟ್ಟೆ ಕದೀತಾಳೆ. ಅಂಗಡಿ ಹೆಸರು ಬಂದರೆ ಜಾಹೀರಾತಾಗುತ್ತೆ ಅಂತ ಬಿಬಿಸಿ ರೇಡಿಯೋಗೋಸ್ಕರ ಆ ಸಾಲನ್ನು ‘ಬೀಗ ಹಾಕದ ಕಾರುಗಳಿಂದ’ ಅಂತ ತಿದ್ದಬೇಕಾಯಿತು. ಕಳ್ಳತನಕ್ಕೆ ಅಭ್ಯಂತರ ಇರಲಿಲ್ಲ! ಇನ್ನೊಬ್ಬ ರಾಣಿ ಹಾಗೆ ಸಿಂಗಾರ ಮಾಡ್ಕೊಳ್ಳೋ ಹುಡುಗ. ಕೆಣಕಿದರೆ ಹೇಸರಗತ್ತೆ ಒದ್ದ ಹಾಗೆ ಒದೀತಾನೆ. ಲಂಡನ್ನಿನಲ್ಲಿ ಸಲಿಂಗಿಗಳ ಮೊದಲ ಪ್ರೈಡ್ ಮೆರವಣಿಗೆ ನಡೆದದ್ದೂ ಅದೇ ಜುಲೈ 1ರಂದು. ಅಂಥ ಹುಡುಗನನ್ನು ಹಾಸ್ಯದ ಪಾತ್ರ ಮಾಡದೆ ಗೆಳೆಯರ ಸಾಲಿನಲ್ಲಿ ನಿಲ್ಲಿಸಿದ್ದು ಆಗ ಸಣ್ಣ ಮಾತಲ್ಲ. ಎಷ್ಟೋ ಜನ ಇದನ್ನು ತಮ್ಮದೇ ಹಾಡು ಅಂದುಕೊಂಡಿದ್ದಕ್ಕೆ ಅವನೇ ಕಾರಣ.

ಇನ್ನು ರಾಗ. ತಂಡದ ಮಿಕ್ ರಾಲ್ಫ್ಸ್ ಗಿಟಾರ್‌ನಲ್ಲಿ ಶುರುವಾಗುತ್ತಲ್ಲ, ಅದರ ಕೆಳಗೆ ಬಾಸ್, ಅಂದರೆ ತಗ್ಗು ದನಿಯ ಗಿಟಾರ್, ಒಂದೊಂದೇ ಮೆಟ್ಟಿಲು ಇಳೀತಾ ಹೋಗೋದನ್ನು ಗಮನಿಸಿ. ಮುಷ್ಟಿ ಎತ್ತೋ ಹಾಡುಗಳಿಗೆ ಇರಬೇಕಾದ ಓಟ ಇಲ್ಲಿಲ್ಲ, ನಡಿಗೆ ನಿಧಾನ. ಪಲ್ಲವಿ ಬಂದಾಗ ಎಲ್ಲರೂ ಒಟ್ಟಿಗೆ ದನಿ ಎತ್ತುತ್ತಾರೆ ನಿಜ, ಆದರೆ ಜಾತ್ರೆ ಮುಗಿಸಿ ಮನೆಗೆ ಹೊರಟವರು ಎತ್ತಿದ ಹಾಗೆ. ಬೋವಿ ಸ್ವತಃ 1974ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಬಂದ ಮಾತುಕತೆಯಲ್ಲಿ, ಇದು ಯೌವನದ ಸ್ತುತಿ ಅಲ್ಲ, ಪೂರ್ತಿ ಉಲ್ಟಾ, ಹುಡುಗರು ಹೊತ್ತು ತರ್ತಿರೋದು ಲೋಕ ಮುಗಿಯೋ ಸುದ್ದಿ ಅಂತ ಹೇಳಿಬಿಟ್ಟ. ನನಗೆ ಆ ಪ್ರಳಯದ ಕಥೆ ಅಷ್ಟಾಗಿ ಬೇಕಿಲ್ಲ. ಆದರೂ ನಿಮ್ಮ ಸಂಕಟಕ್ಕೆ ಬರೆದವನದೇ ಸಾಕ್ಷಿ ಸಿಕ್ಕ ಹಾಗಾಯಿತು.

ಒಂದು ವಿಡಿಯೋ ನೋಡಿ: 1992ರ ಏಪ್ರಿಲ್, ವೆಂಬ್ಲಿ ಸ್ಟೇಡಿಯಂ, ತೀರಿಕೊಂಡ ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ ನೆನಪಿನ ಕಾರ್ಯಕ್ರಮ. ಒಂದು ಕಾಲಕ್ಕೆ ಮಾಟ್ ದ ಹೂಪಲ್‌ಗಿಂತ ಮೊದಲು ವೇದಿಕೆ ಹತ್ತಿ ಜನರನ್ನು ಸಂಭಾಳಿಸುತ್ತಿದ್ದ ಕ್ವೀನ್ ತಂಡದ ಜೊತೆ ಹಂಟರ್ ಹಾಡ್ತಾನೆ, ಬೋವಿ ಸ್ಯಾಕ್ಸೊಫೋನ್ ಊದ್ತಾನೆ, ಬೋವಿಯ ಹಳೇ ಗಿಟಾರ್ ವಾದಕ ಮಿಕ್ ರಾನ್ಸನ್‌ನದು ಗಿಟಾರ್. ರಾನ್ಸನ್‌ಗೆ ಆಗಲೇ ಕ್ಯಾನ್ಸರ್; ಮರುವರ್ಷ ತೀರಿಕೊಂಡ. ಇಡೀ ಸ್ಟೇಡಿಯಂ ಕೈ ಎತ್ತಿ ಹಾಡ್ತಿದೆ, ಅದೂ ‘ಯಂಗ್’ ಅಂತ.

ಮೂಲ ರೆಕಾರ್ಡಿನ ಕೊನೆಯನ್ನು ಮಾತ್ರ ಇಯರ್‌ಫೋನ್ ಹಾಕ್ಕೊಂಡೇ ಕೇಳಿ. ಪಲ್ಲವಿ ತಿರುಗ್ತಾ ಇರುವಾಗ ಹಂಟರ್ ಹಾಡೋದು ಬಿಟ್ಟು ಮಾತಾಡೋಕೆ ಶುರು ಮಾಡ್ತಾನೆ: ಏ, ಕನ್ನಡಕದವನೇ, ಬಾ ಇಲ್ಲಿ, ಮುಂದೆ ಬಾ ಅಂತ. ನಾನು ಆರನೇ ಕ್ಲಾಸಿಂದ ಕನ್ನಡಕದವನು. ಹಾಸ್ಟೆಲ್ ರೂಮಿನಲ್ಲಿ ಮೊದಲ ಸಲ ಅದು ಕೇಳಿದಾಗ ಮಲಗಿದ್ದವನು ಎದ್ದು ಕೂತಿದ್ದೆ.