ಪ್ಲ್ಯಾನ್ ಬದಲಿಸುವ ಮೊದಲು ಪಿಂಗ್ ನೋಡಿ

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೆಂಗಳೂರಿನ ಪಿಜಿಗಳಲ್ಲಿ, ಬಾಡಿಗೆ ರೂಮುಗಳಲ್ಲಿ ಇರುವ ಇಪ್ಪತ್ತರ ಆಸುಪಾಸಿನವರವು. ಬಹಳ ಮಂದಿ ಕೇಳಿರುವುದು ‘ಏನು ಕೊಳ್ಳಲಿ?’ ಎಂದು. ತೊಂದರೆ ಎಲ್ಲಿದೆ ಎಂದು ಮೊದಲು ಹುಡುಕೋಣ. ದುಡ್ಡು ಬಿಚ್ಚುವುದು ಆಮೇಲಿನ ಮಾತು.

ಪ್ರಶ್ನೆ: ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಫೋನಿನಲ್ಲಿ ಗೇಮ್ ಆಡುವಾಗ ಪಿಂಗ್ 40ರಿಂದ ಇದ್ದಕ್ಕಿದ್ದಂತೆ 400ಕ್ಕೆ ಹಾರುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ 80 ಎಂಬಿಪಿಎಸ್ ಇದೆ. ಪಿಜಿ ಓನರ್ ಅಂಕಲ್‌ಗೆ ಹೇಳಿ 300ರ ಪ್ಲ್ಯಾನ್ ಹಾಕಿಸಬಹುದಾ?
— ಓದುಗ, ಬಿಟಿಎಂ ಲೇಔಟ್

ಉತ್ತರ: ಸದ್ಯಕ್ಕೆ ಬೇಡ. ಆನ್‌ಲೈನ್ ಗೇಮ್ ಆಡಲು 1 ಎಂಬಿಪಿಎಸ್ ಕೂಡ ಬೇಕಾಗುವುದಿಲ್ಲ. ಅದು ಕಳಿಸುವುದು ಪ್ಯಾಕೆಟ್ ಎಂಬ ಚಿಕ್ಕ ಚಿಕ್ಕ ಡೇಟಾ ತುಂಡುಗಳನ್ನು, ಅವು ಹೊತ್ತಿಗೆ ಸರಿಯಾಗಿ ತಲುಪಬೇಕು, ಅಷ್ಟೆ. ಸ್ಪೀಡ್ ಟೆಸ್ಟ್ ತೋರಿಸುವುದು ಪೈಪಿನ ಅಗಲವನ್ನು. ನಿಮ್ಮ ತೊಂದರೆ ಇರುವುದು ಕಾಯುವ ಹೊತ್ತಿನಲ್ಲಿ. ಪ್ಯಾಕೆಟ್ ಹೋಗಿ ಬರಲು ಹಿಡಿಯುವ ಆ ಹೊತ್ತೇ ಪಿಂಗ್, ಅದರ ಲೆಕ್ಕ ಮಿಲಿಸೆಕೆಂಡಿನಲ್ಲಿ.

ಲ್ಯಾಪ್‌ಟಾಪ್ ಇದ್ದರೆ ಅದನ್ನೂ ಅದೇ ವೈಫೈಗೆ ಸೇರಿಸಿ, ನೀವು ಗೇಮ್ ಆಡುವ ಜಾಗದಲ್ಲೇ ಇಟ್ಟು, ಎರಡು ಕಮಾಂಡ್ ಕಿಟಕಿ ತೆರೆಯಿರಿ. ಒಂದರಲ್ಲಿ ping ಎಂದು ಬರೆದು, ಮುಂದೆ ರೂಟರ್ ವಿಳಾಸ ಹಾಕಿ (ವಿಂಡೋಸ್ ಆದರೆ ಕೊನೆಗೆ -t ಸೇರಿಸಿ, ಇಲ್ಲದಿದ್ದರೆ ನಾಲ್ಕೇ ಸಲಕ್ಕೆ ನಿಲ್ಲುತ್ತದೆ). ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಆಗಿರುತ್ತದೆ, ವೈಫೈ ವಿವರದಲ್ಲಿ ‘ಗೇಟ್‌ವೇ’ ಎಂಬ ಹೆಸರಿನ ಮುಂದೆ ಸಿಗುತ್ತದೆ. ಇನ್ನೊಂದರಲ್ಲಿ ಹೊರಗಿರುವ ಗೂಗಲ್ ಸರ್ವರ್ 8.8.8.8ಕ್ಕೆ ಹೀಗೇ ಪಿಂಗ್ ಹಾಕಿ. ತೊಂದರೆ ಕೊಡುವ ಹೊತ್ತಿನಲ್ಲೇ, ಅಂದರೆ ರಾತ್ರಿ ಹತ್ತರ ಸುಮಾರಿಗೆ, ಐದು ನಿಮಿಷ ಓಡಲು ಬಿಡಿ. ಮಧ್ಯಾಹ್ನ ಎಲ್ಲರೂ ಆಫೀಸಿನಲ್ಲಿರುವಾಗ ಮಾಡಿದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ವೈಫೈ ಚೆನ್ನಾಗಿದ್ದರೆ ರೂಟರಿನ ಪಿಂಗ್ 1ರಿಂದ 5 ಮಿಲಿಸೆಕೆಂಡಿನೊಳಗೆ ಇರುತ್ತದೆ. ಅದೇ ನೂರು, ಇನ್ನೂರಕ್ಕೆ ಜಿಗಿಯುತ್ತಿದ್ದರೆ ತೊಂದರೆ ನಿಮ್ಮ ಹಾಸಿಗೆಗೂ ಕಾರಿಡಾರಿನ ರೂಟರಿಗೂ ನಡುವೆಯೇ ಇದೆ ಎಂದರ್ಥ. ಆಗ ಪ್ಲ್ಯಾನ್ 300 ಅಲ್ಲ, 1000ಕ್ಕೆ ಏರಿಸಿದರೂ ಪಿಂಗ್ ಹಾರುವುದು ನಿಲ್ಲುವುದಿಲ್ಲ. ಒಂದು ಬೀದಿಯಲ್ಲಿ ಹತ್ತು ಪಿಜಿ ಇರುವ ಕಡೆ ವೈಫೈನ 2.4 ಗಿಗಾಹರ್ಟ್ಸ್ ತರಂಗ ಪಟ್ಟಿ ತುಂಬಿ ತುಳುಕುತ್ತಿರುತ್ತದೆ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಬ್ಲೂಟೂತ್, ಮೈಕ್ರೋವೇವ್ ಓವನ್ ಕೂಡ ಅದೇ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತವೆ. ಫೋನನ್ನು 5 ಗಿಗಾಹರ್ಟ್ಸ್‌ನ ಹೆಸರಿಗೆ ಸೇರಿಸಿ, 2.4ರ ಹೆಸರನ್ನು ‘ಮರೆತುಬಿಡು’ ಎಂದು ಒತ್ತಿ. ಇಲ್ಲದಿದ್ದರೆ ಸಿಗ್ನಲ್ ಸ್ವಲ್ಪ ಕುಗ್ಗಿದರೂ ಫೋನ್ ಹಳೆಯದಕ್ಕೇ ವಾಪಸ್ ಹೋಗುತ್ತದೆ. 5 ಗಿಗಾಹರ್ಟ್ಸ್‌ಗೆ ಗೋಡೆ ದಾಟುವ ಶಕ್ತಿ ಕಡಿಮೆ. ಎರಡು ಕಾಂಕ್ರೀಟ್ ಗೋಡೆ, ಒಂದು ಕಬ್ಬಿಣದ ಬೀರು ಅಡ್ಡ ಬಂದರೆ ಸೋಲುತ್ತದೆ. ವೈಫೈ ಅಳೆಯುವ ಆ್ಯಪ್‌ನಲ್ಲಿ ಸಿಗ್ನಲ್ ಬಲ ಮೈನಸ್ 67 ಡಿಬಿಎಂಗಿಂತ ಒಳ್ಳೆಯದಾಗಿ, ಅಂದರೆ ಮೈನಸ್ 60, 55ರ ಕಡೆಗೆ, ಬರುವ ಜಾಗ ಹುಡುಕಿ ಅಲ್ಲಿ ಕೂತು ಆಡಿ. ಮೈನಸ್ 75 ದಾಟಿದರೆ ಆಟವನ್ನು ಮರೆಯಿರಿ.

ರೂಟರಿನ ಪಿಂಗ್ 3ರಲ್ಲೇ ಇದ್ದು 8.8.8.8ರದು ಮಾತ್ರ ಹಾರುತ್ತಿದ್ದರೆ ಕಾರಣ ಬೇರೆ. ಹೆಚ್ಚಾಗಿ ಯಾರದೋ ಫೋನ್ ಆ ದಿನದ ಫೋಟೊ, ವಿಡಿಯೊಗಳನ್ನೆಲ್ಲ ಕ್ಲೌಡ್‌ಗೆ ಕಳಿಸುತ್ತಿರುತ್ತದೆ. ಆ ಪ್ಯಾಕೆಟ್‌ಗಳು ರೂಟರಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ದರ್ಶಿನಿಯ ಬಿಲ್ ಕೌಂಟರಿನಲ್ಲಿ ಒಬ್ಬರು ಇಪ್ಪತ್ತು ಪಾರ್ಸೆಲ್ ಬರೆಸುತ್ತಿದ್ದರೆ ಹಿಂದೆ ಒಂದೇ ಕಾಫಿಗೆ ನಿಂತವರೂ ಕಾಯಬೇಕಲ್ಲ, ಹಾಗೆ. ರೂಟರಿನ ಸೆಟ್ಟಿಂಗಿನಲ್ಲಿ ಈ ಸಾಲನ್ನು ನಿಭಾಯಿಸುವ ‘ಕ್ಯೂಒಎಸ್’ ಅಥವಾ ‘ಎಸ್‌ಕ್ಯೂಎಂ’ ಇದ್ದರೆ ಅದನ್ನು ಆನ್ ಮಾಡಿ, ಡೌನ್‌ಲೋಡ್ ಮತ್ತು ಅಪ್‌ಲೋಡ್ ಮಿತಿಯನ್ನು ನಿಜವಾಗಿ ಸಿಗುವ ವೇಗದ ಶೇಕಡಾ 85–90ಕ್ಕೆ ಇಡಬೇಕು. ವೇಗದಲ್ಲಿ ಸ್ವಲ್ಪ ಬಿಟ್ಟುಕೊಟ್ಟರೆ ಸಾಲು ಕರಗುತ್ತದೆ. ಇದು ಓನರ್ ಮಾಡಬೇಕಾದ ಕೆಲಸ. ಅಂಕಲ್‌ಗೆ ನೀವು ಹೇಳಬೇಕಾದದ್ದು ಇದನ್ನು.

ಎಲ್ಲಕ್ಕಿಂತ ಗಟ್ಟಿ ಪರಿಹಾರ ತಂತಿ. ರೂಮಿನ ಗೋಡೆಯಲ್ಲಿ ಲ್ಯಾನ್ ಪಾಯಿಂಟ್ ಇದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಕ್ಯಾಟ್ 6 ಕೇಬಲ್ ಮತ್ತು ಫೋನಿಗೆ ಟೈಪ್–ಸಿ ಲ್ಯಾನ್ ಅಡಾಪ್ಟರ್ ಎರಡೂ ಸಿಗುತ್ತವೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳು ಅಡಾಪ್ಟರನ್ನು ತಾವೇ ಗುರುತಿಸುತ್ತವೆ. ಕೇಬಲ್ ಕೊಳ್ಳುವಾಗ ‘ಪೂರ್ತಿ ತಾಮ್ರವೇ?’ ಎಂದು ಕೇಳಿ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ಬಾಗಿದಲ್ಲಿ ಬೇಗ ಮುರಿಯುತ್ತದೆ. ಎಂಟು ಎಳೆಗಳಲ್ಲಿ ಒಂದು ಕಡಿದರೂ ವೇಗ 1000ದಿಂದ 100ಕ್ಕೆ ಇಳಿಯಬಹುದು. ಏಕೆಂದರೆ 100ಕ್ಕೆ ನಾಲ್ಕು ಎಳೆ ಸಾಕು, 1000ಕ್ಕೆ ಎಂಟೂ ಬೇಕು.

ಇನ್ನೊಂದು ಮಾತು. ಗೇಮಿನ ಸರ್ವರ್ ಸಿಂಗಪುರದಲ್ಲಿದ್ದರೆ ಪಿಂಗ್ 30ಕ್ಕಿಂತ ಕೆಳಗೆ ಬರಲಾರದು. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ; ಇಲ್ಲಿಂದ ಸಿಂಗಪುರ 3,000 ಕಿ.ಮೀ.ಗೂ ದೂರ, ಹೋಗಿ ಬರಲು ಅಷ್ಟು ಹೊತ್ತು ಹಿಡಿದೇ ಹಿಡಿಯುತ್ತದೆ. ಸೆಟ್ಟಿಂಗಿನಲ್ಲಿ ಮುಂಬೈ ಸರ್ವರ್ ಆರಿಸಲು ಬಂದರೆ ಅದನ್ನೇ ಆರಿಸಿ.

ಪ್ರಶ್ನೆ: ಬ್ಲೂಟೂತ್ ಇಯರ್‌ಬಡ್ಸ್‌ನಲ್ಲಿ ಸಿನಿಮಾ ನೋಡುವಾಗ ತುಟಿಗೂ ಮಾತಿಗೂ ಸರಿಹೋಗುತ್ತದೆ. ಗೇಮ್‌ನಲ್ಲಿ ಮಾತ್ರ ಗುಂಡಿನ ಸದ್ದು ತಡವಾಗಿ ಬರುತ್ತದೆ. ಬಡ್ಸ್ ಕೆಟ್ಟಿದೆಯಾ?
— ಓದುಗ, ರಾಜಾಜಿನಗರ

ಉತ್ತರ: ಕೆಟ್ಟಿಲ್ಲ. ಸಿನಿಮಾದಲ್ಲಿ ಮುಂದಿನ ದೃಶ್ಯ ಯಾವುದೆಂದು ಆ್ಯಪ್‌ಗೆ ಮೊದಲೇ ಗೊತ್ತು. ಸದ್ದು ಎಷ್ಟು ತಡವೋ ಚಿತ್ರವನ್ನೂ ಅಷ್ಟೇ ತಡೆದು ತೋರಿಸುತ್ತದೆ. ಗೇಮಿನಲ್ಲಿ ನೀವು ಬಟನ್ ಒತ್ತಿದ ಮೇಲೆಯೇ ಸದ್ದು ಹುಟ್ಟುವುದು, ಹಿಂದೆ ಸರಿಸಲು ಜಾಗವಿಲ್ಲ. ಸಾಮಾನ್ಯ ಬ್ಲೂಟೂತ್‌ನಲ್ಲಿ 150ರಿಂದ 250 ಮಿಲಿಸೆಕೆಂಡು ತಡವಾಗುವುದು ಮಾಮೂಲು. ಬಡ್ಸ್‌ನಲ್ಲಿ ‘ಗೇಮ್ ಮೋಡ್’ ಇದ್ದರೆ ಹಾಕಿ, ಕಡಿಮೆಯಾಗುತ್ತದೆ. ಹೆಜ್ಜೆ ಸದ್ದು ಕೇಳಿ ಆಡುವ ಆಟಕ್ಕೆ, ತಾಳಕ್ಕೆ ತಟ್ಟುವ ಆಟಕ್ಕೆ ವೈರ್ ಇಯರ್‌ಫೋನೇ ಸರಿ.

ಪ್ರಶ್ನೆ: ದಿನಕ್ಕೆ 1.5 ಜಿಬಿ ಪ್ಯಾಕ್. ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ಗೆ ಮೆಟ್ರೋದಲ್ಲಿ ಹೋಗಿ ಬರುವಷ್ಟರಲ್ಲಿ ಖಾಲಿ. ನೋಡುವುದು ಬರೀ ರೀಲ್ಸ್, ಸ್ವಲ್ಪ ಹಾಡು.
— ಓದುಗಿ, ಕಾಡುಗೋಡಿ

ಉತ್ತರ: ಲೆಕ್ಕ ನೀವೇ ಹಾಕಬಹುದು. 1 ಎಂಬಿಪಿಎಸ್ ವೇಗದಲ್ಲಿ ಹರಿಯುವ ವಿಡಿಯೊ ಗಂಟೆಗೆ 450 ಎಂಬಿ ತಿನ್ನುತ್ತದೆ. 2 ಎಂಬಿಪಿಎಸ್‌ನ ರೀಲ್ಸ್ ಆದರೆ 900. ಒಂದು ಗಂಟೆ ನಲವತ್ತು ನಿಮಿಷಕ್ಕೆ ನಿಮ್ಮ ಒಂದೂವರೆ ಜಿಬಿ ಮುಗಿಯಿತು. ಅದರ ಮೇಲೆ, ನೀವು ಒಂದನ್ನು ನೋಡುತ್ತಿರುವಾಗಲೇ ಮುಂದಿನವು ಇಳಿಯುತ್ತಿರುತ್ತವೆ. ಎರಡು ಸೆಕೆಂಡು ನೋಡಿ ಮೇಲಕ್ಕೆ ತಳ್ಳಿದವಕ್ಕೂ ಡೇಟಾ ಹೋಗಿರುತ್ತದೆ.

ಹಾಡಿನದು ತಪ್ಪಿಲ್ಲ. 96 ಕೆಬಿಪಿಎಸ್‌ನಲ್ಲಿ ಗಂಟೆಗೆ 43 ಎಂಬಿ, 320ರಲ್ಲಿ 144 ಎಂಬಿ, ಅಷ್ಟೇ. ಆದರೆ ಹಾಡನ್ನು ವಿಡಿಯೊ ಆ್ಯಪ್‌ನಲ್ಲಿ ಹಾಕಿ ಪರದೆ ನೋಡದೇ ಕೇಳುತ್ತಿದ್ದರೆ ಚಿತ್ರದ ಡೇಟಾ ಸುಮ್ಮನೆ ಪೋಲು. ಇನ್‌ಸ್ಟಾಗ್ರಾಂ, ಯೂಟ್ಯೂಬ್ ಎರಡರ ಸೆಟ್ಟಿಂಗಿನಲ್ಲೂ ಡೇಟಾ ಉಳಿಸುವ ಆಯ್ಕೆ ಇದೆ, ಹಾಕಿ. ವಾಟ್ಸ್‌ಆ್ಯಪ್‌ನ ‘ಸ್ಟೋರೇಜ್ ಆ್ಯಂಡ್ ಡೇಟಾ’ಗೆ ಹೋಗಿ, ಮೊಬೈಲ್ ಡೇಟಾದಲ್ಲಿ ತಾನಾಗಿ ಇಳಿಯುವ ಫೋಟೊ, ವಿಡಿಯೊಗಳ ಟಿಕ್ ತೆಗೆಯಿರಿ. ಫ್ಯಾಮಿಲಿ ಗ್ರೂಪಿನ ಶುಭೋದಯ ವಿಡಿಯೊಗಳು ಬೆಳಗ್ಗೆ ಏಳಕ್ಕೇ ಪಾಲು ಎತ್ತಿರುತ್ತವೆ. ಆ್ಯಪ್ ಅಪ್‌ಡೇಟ್, ಫೋಟೊ ಬ್ಯಾಕಪ್‌ಗಳನ್ನು ‘ವೈಫೈನಲ್ಲಿ ಮಾತ್ರ’ ಎಂದು ಇಡಿ.

ಪ್ರಶ್ನೆ: ನಾನು ಕನ್ನಡದಲ್ಲಿ ಚಿಕ್ಕ ವಿಡಿಯೊ ಮಾಡುತ್ತೇನೆ. ಪರದೆ ಮೇಲೆ ‘ರ‍್ಯಾಪ್’ ಎಂದು ಬರೆಯಲು ಹೋದರೆ ‘ರ್ಯಾಪ್’ ಆಗುತ್ತದೆ. ‘ಹಾಟ್‌ಸ್ಪಾಟ್’ ಬರೆದರೆ ಒತ್ತುಗಳೆಲ್ಲ ಅಂಟಿಕೊಳ್ಳುತ್ತವೆ. ಗೆಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಟ್ಟದ್ದು ಎಡಿಟರಿಗೆ ಹಾಕಿದರೆ ಏನೇನೋ ಗುರುತು. ಫಾಂಟ್ ಕೊಳ್ಳಬೇಕಾ?
— ಓದುಗ, ಮಲ್ಲೇಶ್ವರ

ಉತ್ತರ: ಫಾಂಟ್ ಕೊಳ್ಳುವುದೇ ಬೇಡ. ಕನ್ನಡವನ್ನು ಪರದೆಯ ಮೇಲೆ ತಪ್ಪಿಲ್ಲದೆ ಬರೆಯಬೇಕೆಂಬ ನಿಮ್ಮ ಹಟ ದೊಡ್ಡದು, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಇಲ್ಲಿರುವುದು ಬೇರೆ ಬೇರೆ ಕಾಯಿಲೆಗಳು, ಒಂದರ ಮದ್ದು ಇನ್ನೊಂದಕ್ಕೆ ನಡೆಯುವುದಿಲ್ಲ.

‘ರ‍್ಯಾಪ್’ನದು ಅರ್ಕಾವತ್ತಿನ ತಕರಾರು. ರ, ಅರ್ಧಾಕ್ಷರದ ಗುರುತು, ಯ ಈ ಮೂರನ್ನು ಸಾಲಾಗಿ ಒತ್ತಿದರೆ ‘ಸೂರ್ಯ’ದಲ್ಲಿ ಬರುವ ರೂಪವೇ ಸರಿ ಎಂದು ಯೂನಿಕೋಡ್, ಅಂದರೆ ಫೋನು, ಕಂಪ್ಯೂಟರುಗಳು ಬಳಸುವ ಅಕ್ಷರ ಪದ್ಧತಿ, ತಿಳಿಯುತ್ತದೆ. ರ ಪೂರ್ತಿ ಉಳಿದು ಯ ಒತ್ತಾಗಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಬೇಕು. ಅದರ ಹೆಸರು ಝಡ್‌ಡಬ್ಲ್ಯುಜೆ. ಕ್ರಮ ಮುಖ್ಯ: ರ, ಝಡ್‌ಡಬ್ಲ್ಯುಜೆ, ಅರ್ಧಾಕ್ಷರದ ಗುರುತು, ಯ. ಅರ್ಧಾಕ್ಷರದ ಗುರುತಿನ ನಂತರ ಅದನ್ನು ಹಾಕುವುದೇ ಎಲ್ಲರೂ ಮಾಡುವ ತಪ್ಪು.

‘ಹಾಟ್‌ಸ್ಪಾಟ್’ಗೆ ಬೇಕಾದ್ದು ಅದರ ತಮ್ಮ, ಝಡ್‌ಡಬ್ಲ್ಯುಎನ್‌ಜೆ. ಇದು ಅಂಟದಂತೆ ಬಿಡಿಸುತ್ತದೆ. ಇದನ್ನು ಹಾಕುವುದು ಅರ್ಧಾಕ್ಷರದ ಗುರುತಿನ ನಂತರ, ಅಂದರೆ ‘ಟ್’ ಮುಗಿದ ಮೇಲೆ, ‘ಸ್ಪಾ’ಗೆ ಮೊದಲು. ‘ಫೇಸ್‌ಬುಕ್’, ‘ಲ್ಯಾಪ್‌ಟಾಪ್’ಗಳಿಗೂ ಇದೇ.

ಇವನ್ನು ಒತ್ತುವುದು ಹೇಗೆ? ಕಂಪ್ಯೂಟರಿನ ವರ್ಡ್‌ನಲ್ಲಿ ಇಂಗ್ಲಿಷ್ ಕೀಲಿಮಣೆಗೆ ಬದಲಿಸಿ, 200 ಎಂದು ಹೊಡೆದು ಬಿಡುವಿಲ್ಲದೆ ಡಿ ಅಕ್ಷರ ಸೇರಿಸಿ, ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಝಡ್‌ಡಬ್ಲ್ಯುಜೆ ಆಗುತ್ತದೆ. ಡಿ ಬದಲು ಸಿ ಹಾಕಿದರೆ ಝಡ್‌ಡಬ್ಲ್ಯುಎನ್‌ಜೆ. ಫೋನಿನಲ್ಲಿ ಸುಲಭದ ದಾರಿ: ಸರಿಯಾಗಿ ಬರೆದ ಪದವನ್ನು ಒಮ್ಮೆ ಕಾಪಿ ಮಾಡಿ, ಜಿಬೋರ್ಡ್‌ನ ‘ಪರ್ಸನಲ್ ಡಿಕ್ಷನರಿ’ಗೆ ಸೇರಿಸಿ, ಅದಕ್ಕೊಂದು ಎರಡಕ್ಷರದ ಶಾರ್ಟ್‌ಕಟ್ ಕೊಡಿ. ದಿನಾ ಬಳಸುವ ಹತ್ತು ಪದಗಳನ್ನು ಹೀಗೆ ಸೇರಿಸಿಟ್ಟರೆ ಮತ್ತೆ ತಲೆನೋವಿಲ್ಲ.

ಗೆಳೆಯರ ಫೈಲಿನದು ಹಳೆಯ ಆಸ್ಕಿ ನುಡಿ ಫಾಂಟಿನ ಸಮಸ್ಯೆ. ಅದರಲ್ಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದಾರೆ. ಫಾಂಟ್ ಬದಲಾದ ಕೂಡಲೇ ಒಳಗಿನ ಇಂಗ್ಲಿಷ್ ಗುರುತುಗಳು ಹೊರಬರುತ್ತವೆ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ತೆಗೆಯಿರಿ. ಆಮೇಲೆ ಅರ್ಕಾವತ್ತು, ಎರಡು ಒತ್ತಿರುವ ‘ಸ್ತ್ರೀ’ಯಂಥ ಪದಗಳನ್ನು ಕಣ್ಣಾರೆ ಓದಿ ತಿದ್ದಿ.

ಇನ್ನೊಂದು ಕಾಯಿಲೆ ಮುಂದೆ ಕಾಡಬಹುದು. ಅಕ್ಷರ ಕನ್ನಡದ್ದೇ ಇರುತ್ತದೆ, ಆದರೆ ಒತ್ತು ಕೆಳಗೆ ಹೋಗದೆ ಪಕ್ಕದಲ್ಲೇ ನಿಲ್ಲುತ್ತದೆ, ಕಾಗುಣಿತ ಕಳಚಿಕೊಳ್ಳುತ್ತದೆ. ಇದು ಎಡಿಟರಿನ ದೋಷ. ಪ್ರೀಮಿಯರ್ ಪ್ರೊ ಆದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಭಾಗದಲ್ಲಿ ‘ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್’ ಆಯ್ಕೆ ಮಾಡಿ, ಪಠ್ಯವನ್ನು ಹೊಸದಾಗಿ ಹಾಕಿ. ಸೆಟ್ಟಿಂಗೇ ಇಲ್ಲದ ಎಡಿಟರ್ ಆದರೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಪದ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ ವಿಡಿಯೊ ಮೇಲೆ ಇಡಿ. ಬಲೂ ತಮ್ಮ 2, ಅನೇಕ್ ಕನ್ನಡ, ತಿರೊ ಕನ್ನಡ, ನೋಟೊ ಸಾನ್ಸ್ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ವಿಡಿಯೊದಿಂದ ಸಂಪಾದನೆ ಮಾಡಿದರೂ ಬಳಸಬಹುದು. ಓಡುವ ವಿಡಿಯೊದಲ್ಲಿ ತೆಳು ಗೆರೆಯ ಫಾಂಟಿನ ಒತ್ತಕ್ಷರಗಳು ಓದಲು ಸಿಗುವುದಿಲ್ಲ. ದಪ್ಪನೆಯದನ್ನೇ ಆರಿಸಿ, ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ.

ಪ್ರಶ್ನೆ: ವಿಡಿಯೊ ಲೈಕ್ ಮಾಡಿದರೆ ದುಡ್ಡು ಎಂದು ಮೆಸೇಜ್ ಬಂತು. ಮೊದಲು 150 ರೂಪಾಯಿ ಕೊಟ್ಟರು. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಎಂದು ನನ್ನಿಂದ 6,000 ಹಾಕಿಸಿಕೊಂಡರು. ವಾಪಸ್ ಬೇಕಾದರೆ ಇನ್ನೂ 9,000 ಕಟ್ಟಬೇಕಂತೆ. ಮನೆಯಲ್ಲಿ ಹೇಳಿಲ್ಲ.
— ಹೆಸರು ಬೇಡ, ವಿಜಯನಗರ

ಉತ್ತರ: ಒಂದು ರೂಪಾಯಿಯನ್ನೂ ಕಟ್ಟಬೇಡಿ. ಓದುವುದನ್ನು ಇಲ್ಲಿಗೇ ನಿಲ್ಲಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಸಾಧ್ಯ, ಅದಕ್ಕೇ ಈ ಅವಸರ. ಕೈಯಲ್ಲಿರಬೇಕಾದದ್ದು: ಪ್ರತಿ ಪಾವತಿಯ 12 ಅಂಕಿಯ ಯುಪಿಐ ಸಂಖ್ಯೆ, ದಿನ, ಹೊತ್ತು, ಮೊತ್ತ, ಅವರ ಯುಪಿಐ ಐಡಿ. ಚಾಟ್ ಅಳಿಸಬೇಡಿ, ಫೋನ್ ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ನಿಮ್ಮ ಬ್ಯಾಂಕಿಗೂ ತಿಳಿಸಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ನಿಮ್ಮ ವಿಭಾಗದ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು.

‘ಹೋದ ದುಡ್ಡು ವಾಪಸ್ ಕೊಡಿಸುತ್ತೇವೆ’ ಎಂದು ಇನ್ನು ಕೆಲವರು ಮೆಸೇಜ್ ಮಾಡಬಹುದು. ಅವರೂ ಅದೇ ದಂಧೆಯವರು. ಟಾಸ್ಕ್ ಕೊಟ್ಟವರು ಮೊದಲು ಹಾಕಿದ 150 ರೂಪಾಯಿ ಇನ್ನೊಬ್ಬರಿಂದ ಕದ್ದದ್ದಾಗಿದ್ದರೆ ನಿಮ್ಮ ಖಾತೆಯೂ ತಡೆಗೆ ಒಳಗಾಗಬಹುದು, ಅದನ್ನೂ ದೂರಿನಲ್ಲಿ ಬರೆಸಿ. ‘ಕಮಿಷನ್ ಕೊಡುತ್ತೇವೆ, ನಿಮ್ಮ ಖಾತೆ ಬಳಸಲು ಕೊಡಿ’ ಎಂದರೆ ಒಪ್ಪಲೇಬೇಡಿ, ಕೇಸಿನಲ್ಲಿ ನೀವೇ ಆರೋಪಿ ಆಗುತ್ತೀರಿ. ಮನೆಯಲ್ಲಿ ಅಕ್ಕನೋ ಅಣ್ಣನೋ ಇದ್ದರೆ ಇವತ್ತೇ ಹೇಳಿ. ಇಂಥವರು ಜನ ಒಬ್ಬಂಟಿಯಾಗಿ, ಗುಟ್ಟಾಗಿ ಇರುವುದನ್ನೇ ಬಳಸಿಕೊಳ್ಳುತ್ತಾರೆ. ಮೋಸ ಮಾಡಿದ್ದು ಅವರು, ನಾಚಿಕೆಪಡಬೇಕಾದದ್ದು ನೀವಲ್ಲ.

ಪ್ರಶ್ನೆ: ಕರೆಂಟ್ ಹೋದರೆ ವೈಫೈ ಕೂಡ ಹೋಗುತ್ತದೆ. ರೂಟರಿಗೆ 8,000 ಎಂಎಎಚ್‌ನ ಮಿನಿ ಯುಪಿಎಸ್ ತೆಗೆದುಕೊಂಡರೆ ಎಷ್ಟು ಹೊತ್ತು ಬರುತ್ತದೆ?
— ಓದುಗಿ, ಕೆಂಗೇರಿ

ಉತ್ತರ: ಆ 8,000 ಎಂಬುದು ಸಾಮಾನ್ಯವಾಗಿ ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ, 12 ವೋಲ್ಟಿನದಲ್ಲ. 8 ಅನ್ನು 3.7ರಿಂದ ಗುಣಿಸಿದರೆ ಸುಮಾರು 30 ವ್ಯಾಟ್ ಅವರ್. 3.7 ವೋಲ್ಟನ್ನು 12ಕ್ಕೆ ಏರಿಸುವಾಗ ಆಗುವ ನಷ್ಟ ಕಳೆದರೆ 24ರ ಹತ್ತಿರ. ರೂಟರ್ 8 ವ್ಯಾಟ್ ಎಳೆದರೆ ಮೂರು ಗಂಟೆ. ಫೈಬರ್ ಡಬ್ಬಿ (ಮನೆಯೊಳಗೆ ಫೈಬರ್ ಬಂದು ಸೇರುವ ಪೆಟ್ಟಿಗೆ) ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ವಿದ್ಯುತ್ ಬೇಕು, ಹೊತ್ತು ಸುಮಾರು ಅರ್ಧವಾಗುತ್ತದೆ. ಅಡಾಪ್ಟರಿನ ಮೇಲೆ ವೋಲ್ಟ್, ಆಂಪಿಯರ್ ಎಷ್ಟಿದೆ, ಪಿನ್ನಿನ ನಡುವಿನದು ಪ್ಲಸ್ಸೇ ಎಂದು ನೋಡಿ ಹೊಂದಿಸಿ. 9 ವೋಲ್ಟಿನ ರೂಟರಿಗೆ 12 ಕೊಟ್ಟರೆ ಸುಟ್ಟೀತು.

ಕೊಳ್ಳುವ ಮೊದಲು, ಮುಂದಿನ ಸಲ ಕರೆಂಟ್ ಹೋದಾಗ ಯುಪಿಎಸ್ ಇರುವ ಪಕ್ಕದ ಮನೆಯವರಲ್ಲಿ, ಅವರದೂ ಅದೇ ಆಪರೇಟರ್ ಆಗಿದ್ದರೆ, ನೆಟ್ ಇದೆಯೇ ಎಂದು ಕೇಳಿ. ಬೀದಿಯಲ್ಲಿ ಫೈಬರ್ ಹಂಚುವ ಡಬ್ಬಿಗೆ ವಿದ್ಯುತ್ ಬೇಡ. ಆದರೆ ಕೆಲವು ಸ್ಥಳೀಯ ಆಪರೇಟರುಗಳು ಯಾವುದೋ ಮನೆಯ ತಾರಸಿಯಲ್ಲಿ ನೆಟ್ ಹಂಚುವ ‘ಸ್ವಿಚ್’ ಯಂತ್ರ ಇಟ್ಟಿರುತ್ತಾರೆ, ಅದಕ್ಕೆ ಬೇಕು. ಪಕ್ಕದ ಮನೆಯ ಫೈಬರ್ ಡಬ್ಬಿಗೆ ಕರೆಂಟ್ ಇದ್ದೂ ‘ಎಲ್‌ಒಎಸ್’ ದೀಪ ಕೆಂಪಗೆ ಮಿನುಗುತ್ತಿದ್ದರೆ ಆಚೆ ಕಡೆಯೇ ಬೆಳಕು ನಿಂತಿದೆ ಎಂದರ್ಥ. ಆಗ ಬ್ಯಾಟರಿ ಬೇಕಿರುವುದು ಆಪರೇಟರಿನ ಸ್ವಿಚ್ಚಿಗೆ, ನಿಮ್ಮ ರೂಟರಿಗಲ್ಲ.