ಗರಗಸ ಕೆಳಗಿಡಿ, ಟೇಪು ತನ್ನಿ

ಪ್ರಶ್ನೆ: ನಾನೇ ಜೋಡಿಸಿದ ನಾಲ್ಕು ಮೋಟಾರಿನ ಡ್ರೋನ್ ಇದೆ. ಪ್ಲಾಸ್ಟಿಕ್ ತೋಳುಗಳ 450 ಮಿ.ಮೀ. ಫ್ರೇಮು. ಬಯಲಿಗೆ ಸ್ಕೂಟರಿನಲ್ಲಿ ಹೋಗುತ್ತೇನೆ, ಬೆನ್ನಿನ ಬ್ಯಾಗಿಗೆ ಹಿಡಿಸುವುದಿಲ್ಲ. ತೋಳುಗಳನ್ನು ನಡುವೆ ಕತ್ತರಿಸಿ ಕೀಲು ಹಾಕಲೇ?

ಉತ್ತರ: ಬೇಡ. ಗರಗಸ ಕೆಳಗಿಡಿ, ಮೊದಲು ಟೇಪು ಹಿಡಿದು ಅಳೆಯಿರಿ.

450 ಅನ್ನುವುದು ಮೂಲೆಯಿಂದ ಎದುರು ಮೂಲೆಯ ಮೋಟಾರಿಗೆ ಇರುವ ದೂರ. ಅಕ್ಕಪಕ್ಕದ ಮೋಟಾರುಗಳ ನಡುವೆ ಸುಮಾರು 32 ಸೆಂ.ಮೀ. ಅಷ್ಟೇ. 10 ಇಂಚಿನ ಪ್ರೊಪೆಲರ್ ಹಾಕಿದಾಗ 57 ಸೆಂ.ಮೀ. ಚೌಕದಷ್ಟು ಜಾಗ ಬೇಕು. ಬಿಚ್ಚಿದರೆ 35ಕ್ಕೆ ಇಳಿಯುತ್ತದೆ. ಒಂದು ಕೀಲೂ ಇಲ್ಲದೆ ಅರ್ಧ ಕೆಲಸ ಆಯಿತು ಅಲ್ವಾ?

ಇನ್ನು ಎತ್ತರ. ಬ್ಯಾಗಿನ ಜಿಪ್ಪಿಗೆ ಅಡ್ಡ ಬರುವುದು ಹೆಚ್ಚಾಗಿ ತೋಳಲ್ಲ, ಕೊಕ್ಕರೆ ಕತ್ತಿನ ಹಾಗೆ ನಿಂತಿರುವ ಜಿಪಿಎಸ್ ಕಂಬ. ಮಡಚುವ ಕಂಬ ಸಿಗುತ್ತದೆ, ಹಾಕಿಕೊಳ್ಳಿ. ಆದರೆ ಮತ್ತೆ ನಿಲ್ಲಿಸಿದಾಗ ಕಂಬದ ತುದಿಯ ಜಿಪಿಎಸ್ ಡಬ್ಬಿಯ ಮೇಲಿರುವ ಬಾಣದ ಗುರುತು ಡ್ರೋನಿನ ಮೂಗಿನ ಕಡೆಗೇ ಇರಬೇಕು. ದಿಕ್ಸೂಚಿ ಸಾಮಾನ್ಯವಾಗಿ ಆ ಡಬ್ಬಿಯೊಳಗೇ ಇರುತ್ತದೆ. ಅದು ತಿರುಚಿಕೊಂಡರೆ ಡ್ರೋನ್ ಒಂದೆಡೆ ನಿಲ್ಲದೆ ಗಾಣದೆತ್ತಿನ ಹಾಗೆ ಸುತ್ತು ಹಾಕುತ್ತದೆ.

ಇಷ್ಟಕ್ಕೂ ಹಿಡಿಸಲಿಲ್ಲವೇ? ಹಾಗಾದರೆ ತೋಳಿಗೆ ಬರೋಣ. ನಾಲ್ಕನ್ನೂ ಮುಟ್ಟಬೇಡಿ, ಹಿಂದಿನ ಎರಡು ಸಾಕು. ನಡುವೆ ಕತ್ತರಿಸಿದ ತೋಳು ಮೊದಲಿನ ಹಾಗೆ ಗಟ್ಟಿಯಾಗುವುದಿಲ್ಲ. ಕೀಲು ಬುಡದಲ್ಲೇ ಇರಲಿ. ಅಲ್ಲಿ ಮೇಲಿನ ಫಲಕಕ್ಕೂ ಕೆಳಗಿನ ಫಲಕಕ್ಕೂ ತೋಳನ್ನು ಬಿಗಿಯುವ ಸ್ಕ್ರೂಗಳಿವೆ. ಒಂದು ತೂತಿನ ಜಾಗವನ್ನು ತೋಳು ತಿರುಗುವ ಕೀಲು ಮಾಡಿಕೊಳ್ಳಿ. ಉಳಿದವನ್ನು ಬಯಲಿನಲ್ಲಿ ಕೈಯಿಂದಲೇ ಬಿಗಿಯುವಂಥ ಸ್ಕ್ರೂಗೆ ಬದಲಿಸಿ. ಹೊಸ ತೂತು ಕೊರೆಯುವ ಆಸೆಯಾದರೆ ತಡೆಯಿರಿ. ಇಂಥ ಹಲವು ಫ್ರೇಮುಗಳಲ್ಲಿ ಕೆಳಗಿನ ಫಲಕವೇ ಬ್ಯಾಟರಿ ಕರೆಂಟ್ ಹಂಚುವ ಬೋರ್ಡು. ಒಳಗಿನ ತಾಮ್ರಕ್ಕೆ ಡ್ರಿಲ್ ತಾಗಿ, ಅದರೊಳಗೆ ಬೋಲ್ಟ್ ಕೂತರೆ ಶಾರ್ಟ್ ಆಗಬಹುದು.

ಮಡಚಿ ಬಿಚ್ಚಿದ ಮೇಲೆ ಮೋಟಾರ್ ಹಿಡಿದು ತೋಳನ್ನು ಅಲ್ಲಾಡಿಸಿ. ಲಟಕ್ ಅಂದರೆ ಅವತ್ತು ಹಾರಿಸಬೇಡಿ. ಆ ಸಡಿಲವೇ ಹಾರುವಾಗ ನಡುಕವಾಗುತ್ತದೆ. ಡ್ರೋನನ್ನು ಸಮತೋಲದಲ್ಲಿಡುವ ಬೋರ್ಡು, ಅಂದರೆ ಫ್ಲೈಟ್ ಕಂಟ್ರೋಲರ್, ಅದನ್ನು ಡ್ರೋನೇ ಓಲಾಡುತ್ತಿದೆ ಅಂದುಕೊಂಡು ಮೋಟಾರುಗಳ ವೇಗವನ್ನು ಸುಮ್ನೆ ಏರಿಸಿ ಇಳಿಸುತ್ತಾ ಇರುತ್ತದೆ. ಇಳಿಸಿದ ಕೂಡಲೇ ಮೋಟಾರ್ ಮುಟ್ಟಿ ನೋಡಿ. ಮೊದಲಿಗಿಂತ ಜಾಸ್ತಿ ಬಿಸಿಯಿದ್ದರೆ ಕೀಲನ್ನೇ ಅನುಮಾನಿಸಿ. ತಂತಿಗಳು ಕೀಲಿನ ಹತ್ತಿರ ಬಿಗಿಯಾಗಿರಬಾರದು. ಸಿಲಿಕೋನ್ ಹೊದಿಕೆಯ ತಂತಿ ಹಾಕಿ, ಒಂದು ಸಣ್ಣ ಸುರುಳಿ ಬಿಡಿ. ಬೆಸುಗೆಯ ಪಕ್ಕದಲ್ಲೇ ಮಡಚುತ್ತಿದ್ದರೆ ಒಂದು ದಿನ ಅಲ್ಲೇ ತುಂಡಾಗುತ್ತದೆ.

ಪ್ರಶ್ನೆ: ಮಡಚುವ ಬದಲು ತೋಳುಗಳನ್ನು ಪೂರ್ತಿ ಬಿಚ್ಚಿ ಒಯ್ಯಬಹುದಲ್ಲ?

ಉತ್ತರ: ಬಹುದು. ನಾನೂ ಹಾಗೇ ಮಾಡಿದ್ದೆ. ಮೋಟಾರಿನ ಮೂರು ತಂತಿಗೂ ಸಿಕ್ಕಿಸಿ ಬಿಚ್ಚುವ ಬುಲೆಟ್ ಕನೆಕ್ಟರ್ ಹಾಕಿ, ನಾಲ್ಕು ತೋಳನ್ನೂ ಚಮಚದ ಕಟ್ಟಿನ ಹಾಗೆ ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಿದ್ದೆ. ಬಹಳ ಹೆಮ್ಮೆ ಬೇರೆ. ಒಂದು ಸಂಜೆ ಬೆಳಕು ಹೋಗುತ್ತಿದೆ ಅಂತ ಅವಸರದಲ್ಲಿ ಜೋಡಿಸಿದೆ. ಥ್ರಾಟಲ್ ಏರಿಸಿದ್ದೇ ತಡ, ಡ್ರೋನ್ ಪಲ್ಟಿ ಹೊಡೆದು ಹುಲ್ಲಿನ ಮೇಲೆ ಅಂಗಾತ ಬಿತ್ತು. ಎರಡು ಪ್ರೊಪೆಲರ್ ಮುರಿದವು. ಆದದ್ದಿಷ್ಟೇ: ಒಂದು ಮೋಟಾರಿನ ಎರಡು ತಂತಿ ಅದಲುಬದಲಾಗಿದ್ದವು. ಮೂರರಲ್ಲಿ ಯಾವ ಎರಡು ಬದಲಾದರೂ ಮೋಟಾರ್ ಉಲ್ಟಾ ತಿರುಗುತ್ತದೆ. ಆ ಪ್ರೊಪೆಲರ್ ಮೇಲೆತ್ತುವ ಬದಲು ಕೆಳಕ್ಕೆ ತಳ್ಳುತ್ತದೆ.

ಮನೆಯಲ್ಲಿದ್ದ ಉಗುರುಬಣ್ಣ ಕೇಳಿ ತಂದು ಪ್ರತಿ ಜೋಡಿಗೂ ಚುಕ್ಕೆ ಇಟ್ಟೆ: ಒಂದು, ಎರಡು, ಮೂರು. ಆದರೂ ದಿನವೂ 12 ಕನೆಕ್ಟರ್ ಸಿಕ್ಕಿಸುವುದು ಯಾರಿಗೆ ಬೇಕು? ಮಡಚುವ ತೋಳಿಗೆ ಬಂದೆ. ನೀವು ಬಿಚ್ಚಿಯೇ ಒಯ್ಯುವವರಾದರೆ ಪ್ರೊಪೆಲರ್ ಹಾಕುವ ಮೊದಲು ಮೋಟಾರುಗಳನ್ನು ಒಂದೊಂದಾಗಿ ತಿರುಗಿಸಿ ದಿಕ್ಕು ನೋಡಿ.

ಪ್ರಶ್ನೆ: ಕೀಲಿನ ಬೋಲ್ಟ್ ಸಡಿಲವಾಗದಂತೆ ಥ್ರೆಡ್ ಲಾಕರ್ ಅಂಟು ಹಾಕಬಹುದೇ?

ಉತ್ತರ: ಲೋಹಕ್ಕೆ ಲೋಹ ಕೂಡುವ ಕಡೆ ಸರಿ. ಕೆಲವು ಪ್ಲಾಸ್ಟಿಕ್‌ಗಳು ಅದು ತಾಗಿದರೆ ಬಿರುಕು ಬಿಡುತ್ತವೆ. ನಿಮ್ಮ ಕೀಲಿಗೆ ನೈಲಾನ್ ಉಂಗುರವಿರುವ ಲಾಕ್ ನಟ್ ಸಾಕು. ತೋಳು ತಿರುಗಬೇಕು, ಜೋತುಬೀಳಬಾರದು, ಅಷ್ಟು ಬಿಗಿ.

ಪ್ರಶ್ನೆ: ಬ್ಯಾಟರಿಯನ್ನು ಡ್ರೋನಿಗೆ ಕಟ್ಟಿಯೇ ಒಯ್ಯಬಹುದೇ?

ಉತ್ತರ: ಖಂಡಿತ ಬೇಡ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಬೇರೆ ಚೀಲದಲ್ಲಿರಲಿ, ಕನೆಕ್ಟರಿಗೆ ಮುಚ್ಚಳ ಹಾಕಿ. ಅವತ್ತೇ ಹಾರಿಸದಿದ್ದರೆ ಪ್ರತಿ ಸೆಲ್ಲನ್ನೂ 3.8 ವೋಲ್ಟ್ ಹತ್ತಿರ ಇಡಿ. ಮತ್ತೆ, ಬಿಚ್ಚಿದ ಸ್ಕ್ರೂಗಳಿಗೆ ಒಂದು ಚಿಕ್ಕ ಡಬ್ಬಿ ಮಾಡಿಕೊಳ್ಳಿ. ನಾನು ಜೇಬಿನಲ್ಲಿ ಇಟ್ಟುಕೊಂಡು ಒಗೆಯಲು ಹಾಕಿದವಕ್ಕೆ ಲೆಕ್ಕವಿಲ್ಲ.