ಬೇಧಿ ನಿಲ್ಲದಿದ್ದರೆ ಮಾತ್ರೆ ಡಬ್ಬಿಯನ್ನೂ ನೋಡಿ

ಅಣ್ಣ, ಅಪ್ಪನಿಗೆ 12 ದಿನದಿಂದ ಬೇಧಿ ನಿಲ್ಲುತ್ತಿಲ್ಲ, ಬಾವಿ ನೀರಿನದ್ದೇ ತೊಂದರೆಯಾ ಅಂತ ಕೇಳಿದ್ದೀರಿ. ಅದೇ ನೀರು ಕುಡಿಯುವ ಉಳಿದವರೆಲ್ಲ ಆರಾಮ ಇದ್ದಾರೆ ಅಂತಲೂ ನೀವೇ ಬರೆದಿದ್ದೀರಲ್ವಾ? ಹಾಗಾದರೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಮೊದಲು ಅಪ್ಪನ ಮಾತ್ರೆ ಡಬ್ಬಿ ತೆಗೆದು ನೋಡಿ. ನಮ್ಮ ಅಡಿಕೆ ಬೆಳೆಗಾರರ ಗುಂಪಿನಲ್ಲಿ ಮದ್ದು ಅಂದ ಕೂಡಲೇ ಎಲ್ಲರಿಗೂ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ನೆನಪಾಗುತ್ತದೆ, ನಾನು ಹೇಳ್ತಿರೋದು ನುಂಗುವ ಮದ್ದು.

ನನಗೇ ಆದದ್ದು ಕೇಳಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ 500 ಮಿ.ಗ್ರಾಂ ಇದ್ದದ್ದನ್ನು 1000 ಮಾಡಿದರು. ಮೂರನೇ ದಿನ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದವನು ಅರ್ಧಕ್ಕೇ ಬಿಟ್ಟು ಓಡಿದೆ, ಆ ದಿನ ಐದು ಸಲ. ಮನೆಯವಳು ದಾಳಿಂಬೆ ಸಿಪ್ಪೆಯ ತಂಬುಳಿ ಮಾಡಿ ಬಡಿಸಿದಳು, ರುಚಿಯಾಗಿತ್ತು, ಹೊಟ್ಟೆ ಮಾತ್ರ ಕೇಳಲಿಲ್ಲ. ಡಾಕ್ಟ್ರು ಕೇಳಿದ್ದು ಒಂದೇ, ಮಾತ್ರೆ ಊಟಕ್ಕೆ ಮೊದಲಾ, ಜೊತೆಗಾ? ನಾನು ಖಾಲಿ ಹೊಟ್ಟೆಗೆ ನುಂಗುತ್ತಿದ್ದೆ. ಊಟದ ಜೊತೆ ತಗೊಳ್ಳಲು ಹೇಳಿ, ನಿಧಾನ ಕರಗುವ ಎಸ್‌ಆರ್ ಮಾತ್ರೆಗೆ ಬದಲಿಸಿದರು. ವಾರದೊಳಗೆ ಸರಿಯಾಯಿತು.

ಅಪ್ಪನಿಗೆ ಹಲ್ಲು ಕೀಳಿಸಿದಾಗ ಆಂಟಿಬಯಾಟಿಕ್ ಕೊಟ್ಟಿದ್ದರಾ? ಅಮಾಕ್ಸಿಸಿಲಿನ್-ಕ್ಲಾವುಲಾನಿಕ್ ಆಸಿಡ್ ಅಂತೂ ಇದಕ್ಕೆ ಹೆಸರುವಾಸಿ. ಕೋರ್ಸ್ ಮುಗಿದು ಕೆಲವು ವಾರ ಕಳೆದ ಮೇಲೂ ಬೇಧಿ ಶುರುವಾಗಬಹುದು. ಎದೆಯುರಿಗೆ ಕುಡಿಯುವ ಬಿಳಿ ಜೆಲ್‌ನಲ್ಲಿ ಮೆಗ್ನೀಸಿಯಂ ಇದ್ದರೆ ಅದೂ ಹೊಟ್ಟೆ ಸಡಿಲ ಮಾಡುತ್ತದೆ. ಗೌಟ್‌ಗೆ (ಯೂರಿಕ್ ಆಸಿಡ್‌ನಿಂದ ಕೀಲು ಊದಿ ನೋಯುವ ಕಾಯಿಲೆ) ಕಾಲ್ಚಿಸಿನ್ ಮಾತ್ರೆ ತಗೊಳ್ಳುವವರಿಗೆ ಬೇಧಿಯಾದರೆ ಡೋಸ್ ಜಾಸ್ತಿಯಾಗಿದೆ ಎಂಬ ಸೂಚನೆ ಇರಬಹುದು, ಅದೇ ದಿನ ಡಾಕ್ಟ್ರಿಗೆ ಫೋನ್ ಮಾಡಬೇಕು. ಬಿಪಿಯ ಓಲ್ಮೆಸಾರ್ಟನ್ ಅಪರೂಪಕ್ಕೆ ತಿಂಗಳು, ವರ್ಷಗಳ ನಂತರವೂ ಹೀಗೆ ಮಾಡುತ್ತದೆ, ಹಳೇ ಮದ್ದು ಅಂತ ಬಿಟ್ಟುಬಿಡಬೇಡಿ.

ಸುಮ್ನೆ ಬೇಧಿ ನಿಲ್ಲಿಸುವ ಮಾತ್ರೆ ತಂದು ಕೊಡಬೇಡಿ. ಜ್ವರ ಅಥವಾ ರಕ್ತ ಇದ್ದರಂತೂ ಬೇಡವೇ ಬೇಡ. ಸಕ್ಕರೆ, ಬಿಪಿ ಮಾತ್ರೆ ನೀವಾಗಿ ನಿಲ್ಲಿಸಬೇಡಿ. ಹಾಗಂತ ನೀರು ಆರಿದ ಮೈಗೆ ಅವನ್ನು ಕೊಡುತ್ತಲೇ ಇದ್ದರೆ ಕಿಡ್ನಿಗೆ ಕಷ್ಟ, ಅದಕ್ಕೇ ಡಾಕ್ಟ್ರನ್ನು ಕೇಳಿ. ಒಆರ್‌ಎಸ್ ದೊಡ್ಡ ಪ್ಯಾಕೆಟ್ ಆದರೆ ಇಡೀ ಪ್ಯಾಕೆಟ್ಟಿಗೆ 1 ಲೀಟರ್ ನೀರು, ಅಂದಾಜಿಗೆ ಚಮಚದಲ್ಲಿ ಬೆರೆಸುವುದಲ್ಲ. ಬೊಂಡ (ಎಳನೀರು) ಕೊಡಿ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಗಂಜಿ ತೆಳಿಗೆ ಉಪ್ಪು ಹಾಕಿ ಕೊಟ್ಟರೆ ಒಳ್ಳೆಯದು.

12 ದಿನ ಅಂದರೆ ಜಾಸ್ತಿಯಾಯಿತು, ಇವತ್ತೇ ಕರೆದುಕೊಂಡು ಹೋಗಿ. ಚೀಟಿ ಸಾಲದು, ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ಹಾಕಿ ಒಯ್ಯಿರಿ. ಬದಿಯಡ್ಕದಲ್ಲಿ ಒಬ್ಬ ಡಾಕ್ಟ್ರು, ಮಂಗಳೂರಿನಲ್ಲಿ ಇನ್ನೊಬ್ಬರು ಕೊಟ್ಟದ್ದು ಬೇರೆ ಹೆಸರಿನ ಒಂದೇ ಮಾತ್ರೆ ಆಗಿರಲೂಬಹುದು.